ಗಡಿ ಕಾಯ್ದವರು ನೆಲೆ ಕಂಡ ಕಾಡಂಚು

ಬಂಗೂರನಗರದಿಂದ ಬೆಳಗಿನ ಬಸ್ಸು ಹಿಡಿದು ಹಳಿಯಾಳ, ಕಲಘಟಗಿ ಮಾರ್ಗವಾಗಿ ಮುಂಡಗೋಡಕ್ಕೆ ಹೊರಟವರಿಗೆ ಅರ್ಧ ದಿನದೊಳಗೆ ನಾಡಿನ ಚಹರೆ ಮೂರು ಸಲ ಬದಲಾಗುತ್ತದೆ. ಮೊದಲು ಕಾಗದ ಕಾರ್ಖಾನೆಯ ಚಿಮಣಿ, ಕಾಳಿ ನದಿ, ತೇಗ ಮತ್ತು ಬಿದಿರಿನ ಕಾಡು. ಆಮೇಲೆ ಹಳಿಯಾಳ ಸೀಮೆಯ ಭತ್ತದ ಗದ್ದೆ, ಕಬ್ಬಿನ ಹೊಲ. ಕೊನೆಗೆ ಮುಂಡಗೋಡದ ಹೊರವಲಯದಲ್ಲಿ, ಗೋವಿನಜೋಳದ ಹೊಲಗಳ ನಡುವೆ, ಗಾಳಿಗೆ ಪಟಪಟಿಸುವ ಐದು ಬಣ್ಣದ ಪತಾಕೆಗಳ ಸಾಲು. ಅವುಗಳ ಹಿಂದೆ ಹೊನ್ನಬಣ್ಣದ ಮಾಡು ಹೊತ್ತ ಮಂದಿರಗಳು, ಕಡುಗೆಂಪು ಬಟ್ಟೆ ಹೊದ್ದು ಓಡಾಡುವ ಭಿಕ್ಷುಗಳು.

ಇದು ಊರವರ ಬಾಯಲ್ಲಿ ‘ಟಿಬೆಟ್ ಕಾಲೋನಿ’. ಸರಕಾರಿ ಕಡತಗಳಲ್ಲಿ ಡೋಗುಲಿಂಗ್ ಟಿಬೆಟನ್ ವಸತಿ. ಶಾಲೆಗಳ ಪ್ರವಾಸದ ಬಸ್ಸುಗಳು ಇಲ್ಲಿಗೆ ಬರುತ್ತವೆ. ಮಕ್ಕಳು ಮಂದಿರದೊಳಗಿನ ದೊಡ್ಡ ಬುದ್ಧನನ್ನು ಕಂಡು ಬೆರಗಾಗುತ್ತಾರೆ, ಮೋಮೋ ತಿನ್ನುತ್ತಾರೆ, ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಆದರೆ ಅವರ ಕಣ್ಣಿಗೆ ಬೀಳದೆ ಉಳಿಯುವವರು ಕೆಲವರಿದ್ದಾರೆ. ಸಂಜೆಯ ಹೊತ್ತಿಗೆ ಕ್ಯಾಂಪಿನ ಹಾದಿಯಲ್ಲಿ ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈಯಲ್ಲಿ ಪ್ರಾರ್ಥನಾ ಚಕ್ರ ಹಿಡಿದು ನಿಧಾನವಾಗಿ ನಡೆಯುವ ಅಜ್ಜಂದಿರು ಅವರು. ಅವರದೇ ಭಾಷೆಯಲ್ಲಿ ಮಕ್ಕಳು ಅವರನ್ನು ‘ಪೋಲಾ’ ಎನ್ನುತ್ತಾರೆ. ಪೇಟೆಯ ಅಂಗಡಿಯವರಿಗೆ ಅವರು ‘ಅಜ್ಜಾರು’.

ಈ ಅಜ್ಜಂದಿರ ತಲೆಮಾರಿನಲ್ಲಿ ಬಂದೂಕು ಹಿಡಿದವರು ಕಡಿಮೆಯೇನಿರಲಿಲ್ಲ. ಕೆಲವರು ಕಳೆದುಹೋದ ತಮ್ಮ ನಾಡಿಗಾಗಿ ಹೋರಾಡಿದರು. ಕೆಲವರು ತಮ್ಮದಲ್ಲದ ಒಂದು ನಾಡಿನ ಗಡಿ ಕಾಯಲು, ಅಂದರೆ ಭಾರತದ ಗಡಿ ಕಾಯಲು, ಸೇರಿಕೊಂಡರು. ಬಳಿಕ ಬಂದೂಕು ಇಳಿಸಿ ಗುದ್ದಲಿ ಹಿಡಿದರು. ಇವರ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಆದರೆ ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಜಿಲ್ಲೆಯ ಮಣ್ಣಿನಲ್ಲೇ.

ಬಂದು ನೆಲೆಸಿದವರ ಸೀಮೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಈ ಪ್ರದೇಶ ಮೊದಲಿನಿಂದಲೂ ಗಡಿನಾಡು. ಒಂದೆಡೆ ಬಯಲುಸೀಮೆ, ಇನ್ನೊಂದೆಡೆ ಘಟ್ಟ. 1800ರ ಸುಮಾರಿಗೆ ಹಳಿಯಾಳ ಒಂದು ಮುಖ್ಯ ಗಡಿಕಾವಲು ಠಾಣೆಯಾಗಿತ್ತು. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗ ಈ ಭಾಗದಲ್ಲಿ ಕಂಪನಿಯ ಪಡೆಗಳನ್ನು ನಡೆಸುತ್ತಿದ್ದ. ಅವನ ಪತ್ರಗಳಲ್ಲಿ ಹಳಿಯಾಳದ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಸೈನಿಕರು ಬಂದರು, ಹೋದರು.

ಬಂದು ಉಳಿದವರು ಬೇರೆ. ಪೋರ್ಚುಗೀಸರ ಗೋವೆಯಿಂದ ಗುಲಾಮಗಿರಿಯ ಸಂಕೋಲೆ ಕಳಚಿಕೊಂಡು ಕಾಡು ಸೇರಿದ ಆಫ್ರಿಕಾ ಮೂಲದ ಸಿದ್ದಿಗಳು, ಎಮ್ಮೆಗಳ ಹಿಂದೆ ಹುಲ್ಲುಗಾವಲು ಹುಡುಕುತ್ತ ಬಂದ ಗೌಳಿಗಳು ಇಲ್ಲಿ ಬೇರೂರಿದರು. ಆದರೂ ಬಹುಕಾಲ ಈ ಕಾಡಂಚು ಜನವಿರಳವಾಗಿಯೇ ಇತ್ತು. ಅದಕ್ಕೆ ಒಂದು ದೊಡ್ಡ ಕಾರಣ ಮಲೇರಿಯಾ. ಚಳಿಜ್ವರಕ್ಕೆ ಹೆದರಿ ಹೆಣ್ಣು ಕೊಡದ, ನೌಕರಿಗೆ ಬರಲೊಪ್ಪದ ಊರುಗಳ ಕಥೆಗಳನ್ನು ಹಿರಿಯರಿಂದ ಕೇಳಿದವರು ಅನೇಕರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ 1946ರ ಸುಮಾರಿಗೆ ಡಾ. ಡಿ.ಕೆ. ವಿಶ್ವನಾಥನ್ ಅವರು ದೊಡ್ಡ ಪ್ರಮಾಣದಲ್ಲಿ ಡಿಡಿಟಿ ಸಿಂಪರಣೆ ಕೈಗೊಂಡರು. ಮನೆಯ ಗೋಡೆಯ ಮೇಲೆ ಕೂರುವ ಸೊಳ್ಳೆ ಸತ್ತರೆ ರೋಗದ ಸರಪಳಿ ತುಂಡಾಗುತ್ತದೆ ಎಂಬ ಸರಳ ವಿಜ್ಞಾನ ಅದು. ಸೊಳ್ಳೆಯ ಕಾಟ ತಗ್ಗಿದ ಮೇಲೆ ಹೊಸ ಜನ ಬಂದು ನಿಲ್ಲುವುದು ಸುಲಭವಾಯಿತು.

1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು. ಬಿದಿರನ್ನು ನಂಬಿ ಬಂದ ಆ ಕಾರ್ಖಾನೆಯ ಸುತ್ತ ಬಂಗೂರನಗರ ಬೆಳೆಯಿತು. ಮುಂದೆ ಸೂಪಾ ಅಣೆಕಟ್ಟಿನಿಂದ ಊರು ಮುಳುಗಿದವರು ರಾಮನಗರದಂಥ ಕಡೆ ಹೊಸ ಬದುಕು ಕಟ್ಟಿಕೊಂಡರು. ಇವೆರಡರ ನಡುವೆ, 1966ರಲ್ಲಿ, ಎಲ್ಲರಿಗಿಂತ ದೂರದಿಂದ ಬಂದವರು ಮುಂಡಗೋಡದ ಕಾಡಂಚಿನಲ್ಲಿ ಡೇರೆ ಹೂಡಿದರು. ಅವರು ಇಲ್ಲಿಗೆ ಬಂದ ದಾರಿಯನ್ನು ತಿಳಿಯಬೇಕಾದರೆ ಹಿಮಾಲಯದ ಆಚೆ ಹೋಗಬೇಕು.

ನಾಲ್ಕು ನದಿ, ಆರು ಬೆಟ್ಟಸಾಲು

1950ರ ಅಕ್ಟೋಬರ್‌ನಲ್ಲಿ ಚೀನದ ಸೇನೆ ಪೂರ್ವ ಟಿಬೆಟಿನ ಚಾಮ್ಡೊ ಪ್ರದೇಶವನ್ನು ಹೊಕ್ಕಿತು. ಟಿಬೆಟಿನ ಪುಟ್ಟ ಸೈನ್ಯಕ್ಕೆ ಅದನ್ನು ತಡೆಯಲಾಗಲಿಲ್ಲ. ಮುಂದಿನ ವರ್ಷ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಧರ್ಮ ಮತ್ತು ಆಚಾರಗಳಿಗೆ ಕೈಹಚ್ಚುವುದಿಲ್ಲವೆಂಬ ಮಾತು ಅದರಲ್ಲಿತ್ತು. ಆದರೆ ಪೂರ್ವದ ಖಾಮ್ ಸೀಮೆಯಲ್ಲಿ ಆ ಮಾತು ಉಳಿಯಲಿಲ್ಲ. 1956ರಲ್ಲಿ ಅಲ್ಲಿ ದಂಗೆ ಎದ್ದಿತು. ಲಿಥಾಂಗ್ ಎಂಬಲ್ಲಿಯ ದೊಡ್ಡ ಮಠದ ಮೇಲೆ ವಿಮಾನದಿಂದ ಬಾಂಬು ಬಿತ್ತು.

ಲಿಥಾಂಗ್‌ನ ಆಂಡ್ರುಕ್ ಗೊಂಪೊ ತಾಶಿ ಎಂಬ ವ್ಯಾಪಾರಿ ಚದುರಿದ್ದ ಹೋರಾಟಗಾರರನ್ನು ಒಂದುಗೂಡಿಸಿದರು. 1958ರ ಜೂನ್ 16ರಂದು ‘ಚುಶಿ ಗಂಗ್‌ಡ್ರುಕ್’ ಎಂಬ ಸ್ವಯಂಸೇವಕ ಪಡೆ ಹುಟ್ಟಿತು. ನಾಲ್ಕು ನದಿ, ಆರು ಬೆಟ್ಟಸಾಲು ಎಂದು ಆ ಹೆಸರಿನ ಅರ್ಥ. ಅದು ಅವರ ಸೀಮೆಯ ಹಳೆಯ ವರ್ಣನೆ. ಕುದುರೆ ಸವಾರಿ ಬಲ್ಲ ರೈತರು, ಪಶುಪಾಲಕರು, ವ್ಯಾಪಾರಿಗಳು ಅದರ ಸೈನಿಕರು. ಅಹಿಂಸೆಯ ವ್ರತವನ್ನು ಗುರುಗಳಿಗೆ ಒಪ್ಪಿಸಿ ಕೋವಿ ಹಿಡಿದ ಭಿಕ್ಷುಗಳೂ ಅವರಲ್ಲಿದ್ದರು.

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಲ್ಹಾಸಾದಿಂದ ಸಾಮಾನ್ಯ ಸೈನಿಕನ ವೇಷದಲ್ಲಿ ಹೊರಬಿದ್ದರು. ದಾರಿಯುದ್ದಕ್ಕೂ ಅವರ ಬೆಂಗಾವಲಿಗೆ ನಿಂತವರಲ್ಲಿ ಈ ಪಡೆಯವರಿದ್ದರು. ಮಾರ್ಚ್ 31ರಂದು ಅವರು ಇಂದಿನ ಅರುಣಾಚಲ ಪ್ರದೇಶದ ತವಾಂಗ್ ಬಳಿ ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆ ಸಾವಿರಾರು ಜನ ಹಿಮ ತುಳಿಯುತ್ತ ಬಂದರು. ಗೊಂಪೊ ತಾಶಿ ಕೂಡ ಗಾಯಗೊಂಡ ದೇಹದೊಂದಿಗೆ ಗಡಿ ದಾಟಿದರು. ಆ ಗಾಯಗಳಿಂದ ಪೂರಾ ಚೇತರಿಸಿಕೊಳ್ಳದೆ 1964ರಲ್ಲಿ ತೀರಿಕೊಂಡರು. ಅವರ ಪಡೆಯ ಒಂದು ಭಾಗ 1960ರಿಂದ ನೇಪಾಳದ ಮುಸ್ತಾಂಗಿನಲ್ಲಿ ನೆಲೆ ಹೂಡಿ ಹೋರಾಟ ಮುಂದುವರಿಸಿತು. 1974ರಲ್ಲಿ, ಶಸ್ತ್ರ ಕೆಳಗಿಡಿ ಎಂಬ ದಲೈ ಲಾಮಾ ಅವರ ಧ್ವನಿಮುದ್ರಿತ ಸಂದೇಶ ಕೇಳಿದ ಮೇಲೆ ಅದೂ ಮುಗಿಯಿತು.

ಭಾರತಕ್ಕೆ ಬಂದವರನ್ನು ಮೊದಲು ಅಸ್ಸಾಮಿನ ಮಿಸಾಮಾರಿಯ ಬಿದಿರಿನ ಗುಡಿಸಲುಗಳಲ್ಲಿ ಇಳಿಸಲಾಯಿತು. ಭಿಕ್ಷುಗಳ ದೊಡ್ಡ ಗುಂಪನ್ನು ಬಂಗಾಳದ ಬಕ್ಸಾ ಕೋಟೆಗೆ ಕಳಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಸೆರೆಮನೆ ಅದು. ಉಳಿದ ಬಹಳಷ್ಟು ಜನ, ಗಂಡಸರು ಹೆಂಗಸರೆನ್ನದೆ, ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು.

‘ಇಪ್ಪತ್ತೆರಡು’ ಎಂಬ ಗುಟ್ಟಿನ ಪಡೆ

1962ರ ಅಕ್ಟೋಬರ್ 20ರಂದು ಚೀನ ನಮ್ಮ ಮೇಲೆ ದಾಳಿ ಮಾಡಿತು. ಎತ್ತರದ ಗಡಿಯಲ್ಲಿ ಕಾದಾಡುವ ಅನುಭವವಿರುವವರು, ಆ ಬೆಟ್ಟ ಕಣಿವೆಗಳ ಕಾಲುದಾರಿ ಬಲ್ಲವರು ಬೇಕಾಗಿತ್ತು. ಅಂಥವರು ದೇಶದೊಳಗೇ ರಸ್ತೆಬದಿಯಲ್ಲಿ ಕಲ್ಲು ಒಡೆಯುತ್ತಿದ್ದರು! ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ನವೆಂಬರ್ 14ರಂದು, ಟಿಬೆಟನ್ನರದೇ ಒಂದು ಪಡೆ ಕಟ್ಟುವ ತೀರ್ಮಾನವಾಯಿತು. ಅದೇ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್, ಎಂದರೆ ವಿಶೇಷ ಗಡಿ ಪಡೆ. ಡೆಹ್ರಾಡೂನಿನ ಮೇಲ್ಭಾಗದ ಬೆಟ್ಟದೂರು ಚಕ್ರಾತಾ ಅದರ ನೆಲೆ. ಮೊದಲ ಮುಖ್ಯಸ್ಥರು ಸುಜಾನ್ ಸಿಂಗ್ ಉಬಾನ್. ಅವರು ಎರಡನೆಯ ಮಹಾಯುದ್ಧದಲ್ಲಿ 22ನೆಯ ಮೌಂಟನ್ ರೆಜಿಮೆಂಟಿನಲ್ಲಿದ್ದವರು. ಅದರ ನೆನಪಿಗೆ ಪಡೆಗೆ ‘ಎಸ್ಟಾಬ್ಲಿಷ್‌ಮೆಂಟ್ 22’ ಎಂಬ ಹೆಸರು ಬಂತು. ಟಿಬೆಟನ್ನರ ಬಾಯಲ್ಲಿ ಅದು ಬರೀ ‘ಇಪ್ಪತ್ತೆರಡು’.

ಚುಶಿ ಗಂಗ್‌ಡ್ರುಕ್‌ನ ಹಳಬರೇ ಅದರ ಬೆನ್ನೆಲುಬಾದರು. ಬೆಟ್ಟ ಹತ್ತುವುದು, ಗೆರಿಲ್ಲಾ ಯುದ್ಧ, ವಿಮಾನದಿಂದ ಪ್ಯಾರಾಚೂಟಿನಲ್ಲಿ ಧುಮುಕುವುದು, ಎಲ್ಲದರ ತರಬೇತಿ ನಡೆಯಿತು. ಯಾಕ್ ಮೇಯಿಸಿಕೊಂಡಿದ್ದವರು ಆಗ್ರಾದ ಬಿಸಿಲಿನಲ್ಲಿ ವಿಮಾನ ಹತ್ತಿ ಇಳಿಯುವುದನ್ನು ಕಲಿತರು. ಎಂದಾದರೂ ಒಂದು ದಿನ ತಮ್ಮ ನಾಡಿನ ಮೇಲೇ ಇಳಿಯುತ್ತೇವೆಂಬ ಆಸೆ ಅವರದಾಗಿತ್ತು. ಆದರೆ ಈ ಪಡೆ ಭೂಸೇನೆಯ ಪಟ್ಟಿಯಲ್ಲಿರಲಿಲ್ಲ, ಸಂಪುಟ ಸಚಿವಾಲಯದ ಅಧೀನದಲ್ಲಿತ್ತು. ಅದರ ಇರವನ್ನೇ ಸರಕಾರ ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ. ಹಾಗಾಗಿ ಗಣರಾಜ್ಯೋತ್ಸವದ ಪಥಸಂಚಲನವಾಗಲಿ, ಪತ್ರಿಕೆಯಲ್ಲಿ ಹೆಸರಾಗಲಿ ಅವರಿಗೆ ಸಿಗಲಿಲ್ಲ.

ಗಂಡಸರು ಪಡೆ ಸೇರಿದರೆ ಮನೆಯವರು ಎಲ್ಲಿರಬೇಕು? ರಸ್ತೆ ಕೆಲಸ ಮುಗಿದಲ್ಲಿ ಡೇರೆ ಕಿತ್ತು ಮುಂದಕ್ಕೆ ಹೋಗುವ ಬಾಳಿಗೆ ಕೊನೆ ಎಲ್ಲಿ? ಭೂಮಿ ಬೇಕಾಗಿತ್ತು. ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಧಾರಾಳವಾಗಿ ಕೈಚಾಚಿದ್ದು ಅಂದಿನ ಮೈಸೂರು ರಾಜ್ಯ. 1960ರ ಹೊತ್ತಿಗೆ ಬೈಲುಕುಪ್ಪೆಯಲ್ಲಿ ಮೊದಲ ವಸತಿ ಶುರುವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಜಾಗವನ್ನು ಟಿಬೆಟನ್ನರಿಗೆ ಬಿಟ್ಟುಕೊಡಲಾಯಿತು.

ಗುದ್ದಲಿ ಹಿಡಿದ ಕೈ

ಎಲ್ಲರೂ ಒಂದೇ ದಾರಿಯಲ್ಲಿ ಬಂದವರಲ್ಲ. ಹಳೆಯ ಹೋರಾಟಗಾರರಲ್ಲಿ ಕೆಲವರು ರಸ್ತೆ ಕೆಲಸ ಬಿಟ್ಟು ನೇರವಾಗಿ ಹೊಲಕ್ಕೆ ಬಂದರು. ಚಕ್ರಾತಾಕ್ಕೆ ಹೋದವರು ನಿವೃತ್ತಿಯಾದ ಮೇಲೆ ಮನೆಯವರಿದ್ದ ಕ್ಯಾಂಪನ್ನು ಸೇರಿಕೊಂಡರು. ದೇಶದ ಟಿಬೆಟನ್ ವಸತಿಗಳಲ್ಲೆಲ್ಲ ಇಂಥ ಮಾಜಿ ಸೈನಿಕರ ಮನೆಗಳಿವೆ. ಮುಂಡಗೋಡವೂ ಹೊರತಲ್ಲ.

ಬಂದ ಜಾಗ ಎಂಥದು? ವಿಜ್ಞಾನದ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಲ್ಹಾಸಾ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಮುಂಡಗೋಡ ಆರುನೂರು ಮೀಟರಿನ ಆಸುಪಾಸಿನಲ್ಲಿದೆ. ಎತ್ತರ ಸಾವಿರ ಮೀಟರ್ ಇಳಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಏರುತ್ತದೆ. ಎಂದರೆ ಎತ್ತರದ ಲೆಕ್ಕವೊಂದರಿಂದಲೇ ಸುಮಾರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಅಕ್ಷಾಂಶದ ವ್ಯತ್ಯಾಸ, ಮಲೆನಾಡಿನ ಮಳೆಗಾಲದ ತೇವ ಇವು ಬೇರೆ.

ಅವರ ಊಟದ ವಿಷಯವೂ ಸ್ವಾರಸ್ಯಕರ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ, ನೀರು ಬೇಗ ಕುದಿಯುತ್ತದೆ. ಲ್ಹಾಸಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕಾಳು ಸರಿಯಾಗಿ ಬೇಯುವುದಿಲ್ಲ. ಅದಕ್ಕೇ ಇರಬೇಕು, ಬಾರ್ಲಿಯನ್ನು ಮೊದಲೇ ಹುರಿದು ಬೀಸಿದ ಹಿಟ್ಟು, ‘ತ್ಸಂಪಾ’, ಅಲ್ಲಿಯ ಮುಖ್ಯ ಆಹಾರ. ನಮ್ಮ ಹುರಿಹಿಟ್ಟಿನ ತಮ್ಮನೆಂದರೂ ಸರಿ. ಬೆಣ್ಣೆ ಹಾಕಿದ ಉಪ್ಪಿನ ಚಹಾದಲ್ಲಿ ಅದನ್ನು ಕಲಸಿ ಮುದ್ದೆ ಮಾಡಿ ತಿನ್ನುತ್ತಾರೆ. ಆದರೆ ಮುಂಡಗೋಡದ ಸೆಕೆಯಲ್ಲಿ ಬಾರ್ಲಿ ಎಲ್ಲಿಂದ ಬರಬೇಕು? ಯಾಕ್ ಎಲ್ಲಿಂದ ಬರಬೇಕು? ತಾವು ಕಂಡರಿಯದ ಗೋವಿನಜೋಳ, ಭತ್ತ ಬೆಳೆಯುವುದನ್ನು ಅವರು ಕಲಿಯಬೇಕಾಯಿತು.

ಇನ್ನೂ ಒಂದು ಮಾತು. ಎತ್ತರದ ವಿರಳ ಗಾಳಿಯಲ್ಲಿ ರಕ್ತ ತೀರ ದಪ್ಪಗಾಗದಂತೆ ಕಾಪಾಡುವ ಒಂದು ಬಗೆಯ ಜೀನ್ ಟಿಬೆಟನ್ನರಲ್ಲಿ ಹೆಚ್ಚಾಗಿದೆಯೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಸಾವಿರಾರು ವರ್ಷಗಳಲ್ಲಿ ಪ್ರಕೃತಿ ಕೊಟ್ಟ ಆ ವರ ಇಲ್ಲಿಯ ಕಾಡಿನಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಬೇಕಾಗಿದ್ದುದು ಸೆಕೆ, ಜ್ವರ, ಕ್ಷಯಗಳನ್ನು ತಡೆದುಕೊಳ್ಳುವ ಶಕ್ತಿ. ಕ್ಷಯವಂತೂ ಶೀತ ಒಣ ಗಾಳಿಯ ನಾಡಿನಿಂದ ಕಿಕ್ಕಿರಿದ ಶಿಬಿರಗಳಿಗೆ ಬಂದವರನ್ನು ಬಹಳ ಕಾಡಿತು. ಬಕ್ಸಾ ಕೋಟೆಯಲ್ಲಿ ಭಿಕ್ಷುಗಳು ಸತ್ತದ್ದೂ ಹೆಚ್ಚಾಗಿ ಅದರಿಂದಲೇ.

ಮರ ಕಡಿದು, ಬೊಡ್ಡೆ ಕಿತ್ತು, ಸುಟ್ಟು, ನೆಲ ಹದಮಾಡುವ ಕೆಲಸ ಬೈಲುಕುಪ್ಪೆಯಂತೆ ಇಲ್ಲಿಯೂ ನಡೆಯಿತು. ಬೆಳೆ ಬಂದರೆ ಕಾಡುಹಂದಿ, ಆನೆ. ಸೈನ್ಯದ ಶಿಸ್ತು ಇಲ್ಲಿ ಕೆಲಸಕ್ಕೆ ಬಂದಿರಬೇಕು. ವಸತಿಯನ್ನು ನಂಬರು ಹಚ್ಚಿದ ಕ್ಯಾಂಪುಗಳಾಗಿ ವಿಂಗಡಿಸಿದರು. ಪ್ರತಿ ಕ್ಯಾಂಪಿಗೆ ಒಬ್ಬ ಮುಖಂಡ. ಎಲ್ಲಕ್ಕೂ ಸೇರಿ ಒಂದು ಸಹಕಾರ ಸಂಘ. ‘ಒಂದನೇ ಕ್ಯಾಂಪು’, ‘ಮೂರನೇ ಕ್ಯಾಂಪು’ ಎಂಬ ಆ ತಾತ್ಕಾಲಿಕ ಹೆಸರುಗಳೇ ಅರುವತ್ತು ವರ್ಷ ಕಳೆದರೂ ಊರಿನ ಹೆಸರಾಗಿ ಉಳಿದಿವೆ. ಮರಳಿ ಹೋಗುವವರು ಊರಿಗೆ ಕ್ಯಾಂಪು ಎನ್ನುತ್ತಾರೆ, ಅಲ್ಲವೇ?

1969ರಲ್ಲಿ ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳು ಬಂದರು. ಲ್ಹಾಸಾ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂಡೆನ್, 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಹಾವಿಹಾರಗಳು ಮುಂಡಗೋಡದಲ್ಲಿ ಹೊಸದಾಗಿ ತಲೆಯೆತ್ತಿದವು. ಆ ಭಿಕ್ಷುಗಳೂ ಬೆಳಿಗ್ಗೆ ಹೊಲದಲ್ಲಿ ದುಡಿದು ಸಂಜೆ ಶಾಸ್ತ್ರ ಓದಿದವರು.

ಇದೇ ಕಾಲದಲ್ಲಿ, 1968ರಲ್ಲಿ, ಕ್ಯಾಪ್ಟನ್ ವಿಲಿಯಂ ಡೇವಿನ್ಸನ್ ಅವರ ಮುಂದಾಳ್ತನದಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಮೈಸೂರು ರಾಜ್ಯದಲ್ಲಿ ಟಿಬೆಟನ್ನರ ಪುನರ್ವಸತಿಗೆ ನೆರವಾಗುವುದೇ ಅದರ ಮೊದಲ ಕೆಲಸ. ಅದು ಮುಗಿದ ಮೇಲೆ ಆ ಸಂಸ್ಥೆ ಕರ್ನಾಟಕದ ಬಡ ಹಳ್ಳಿಗರ ಕಡೆ ತಿರುಗಿತು. 1980ರ ದಶಕದಲ್ಲಿ ಅದು ಬೆಳೆಸಿದ ಸಣ್ಣ ಉಳಿತಾಯದ ಗುಂಪುಗಳು ಇಂದಿನ ಸ್ವಸಹಾಯ ಸಂಘಗಳ ಮೂಲಗಳಲ್ಲಿ ಒಂದು. ದೂರದಿಂದ ಬಂದವರಿಗೆ ಮಾಡಿದ ಉಪಕಾರ ಹೀಗೆ ಸುತ್ತಿ ಬಳಸಿ ನಮ್ಮ ತಾಯಂದಿರ ಕೈಗೂ ಸೇರಿತು.

ಮತ್ತೊಬ್ಬರ ಯುದ್ಧ

ಮುಂಡಗೋಡದ ವಸತಿಗೆ ಇನ್ನೂ ಐದು ವರ್ಷ. ಆಗ 1971ರ ಬಾಂಗ್ಲಾ ಯುದ್ಧ ಬಂತು. ಹಿಮದ ಬೆಟ್ಟಗಳಿಗಾಗಿ ತಯಾರಾದ ಪಡೆಯನ್ನು ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಗುಡ್ಡಗಾಡಿನ ಕಾಡಿಗೆ ಕಳಿಸಲಾಯಿತು. ಚೀನದ ವಿರುದ್ಧ ಹೋರಾಡಲೆಂದು ಸೇರಿದವರಿಗೆ ಆ ಯುದ್ಧ ತಮ್ಮದಲ್ಲ. ಆದರೂ ಆಶ್ರಯ ಕೊಟ್ಟ ನಾಡಿನ ಮಾತಿಗೆ ಅವರು ಹೊರಟರು.

ಯುದ್ಧ ಅಧಿಕೃತವಾಗಿ ಘೋಷಣೆಯಾದದ್ದು ಡಿಸೆಂಬರ್ 3ರಂದು. ಅದಕ್ಕೂ ಮೊದಲೇ, ನವೆಂಬರ್‌ನಲ್ಲಿ, ಸುಮಾರು ಮೂರು ಸಾವಿರ ಟಿಬೆಟನ್ ಸೈನಿಕರು ಮಿಜೋರಾಮಿನ ದೆಮಗಿರಿಯಿಂದ ಗಡಿಯೊಳಗೆ ನುಸುಳಿದ್ದರು. ಭಾರತದ ಗುರುತು ಸಿಗಬಾರದೆಂದು ಅವರ ಕೈಯಲ್ಲಿದ್ದದ್ದು ಬಲ್ಗೇರಿಯದಲ್ಲಿ ತಯಾರಾದ ಬಂದೂಕುಗಳು. ಠಾಣೆಯ ಮೇಲೆ ಠಾಣೆ ಹಿಡಿಯುತ್ತ, ಸೇತುವೆಗಳನ್ನು ಒಡೆಯುತ್ತ ಅವರು ಚಿತ್ತಗಾಂಗ್ ಕಡೆ ಮುಂದೊತ್ತಿದರು. ಪಾಕಿಸ್ತಾನದ ಪಡೆ ಆ ಬೆಟ್ಟಗಳ ಮೂಲಕ ಬರ್ಮಾಕ್ಕೆ ತಪ್ಪಿಸಿಕೊಳ್ಳದಂತೆ ದಾರಿ ಕಟ್ಟಿದರು. ಅವರ ಹಿರಿಯ ಅಧಿಕಾರಿ ಧೊಂಡುಪ್ ಗ್ಯಾತೊತ್ಸಾಂಗ್ ಮೊದಲ ದಿನಗಳಲ್ಲೇ ಗುಂಡಿಗೆ ಬಲಿಯಾದರು. ಒಟ್ಟು 56 ಮಂದಿ ಸತ್ತರು, ಸುಮಾರು 190 ಮಂದಿ ಗಾಯಗೊಂಡರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನ ಶರಣಾಯಿತು. ದೇಶವೆಲ್ಲ ಸಿಹಿ ಹಂಚಿತು. ಗುಟ್ಟಿನ ಪಡೆಯವರಿಗೆ ಬಹಿರಂಗವಾಗಿ ಪದಕ ಕೊಡುವಂತಿರಲಿಲ್ಲ. 580 ಮಂದಿಗೆ ನಗದು ಬಹುಮಾನ ಕೊಟ್ಟು ಕಳಿಸಲಾಯಿತು. ಸತ್ತವರ ಮನೆಗೆ ಸುದ್ದಿ ಬಂತು. ಆದರೆ ಊರಿನ ವೃತ್ತದಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲಲಿಲ್ಲ. ನಮ್ಮ ನಾಡಿನ ಹಳ್ಳಿಗಳಲ್ಲಿ ದನ ಕಾಯುವಾಗ ಸತ್ತವನಿಗೂ ವೀರಗಲ್ಲು ಇದೆ ಎಂಬುದನ್ನು ನೆನೆದರೆ ಈ ಮೌನ ಎಷ್ಟು ಭಾರವೆಂಬುದು ತಿಳಿಯುತ್ತದೆ.

ಒಂದು ಕಾಗದದ ಪ್ರಶ್ನೆ

ಟಿಬೆಟಿನಲ್ಲಿ ಹುಟ್ಟಿ ಇಲ್ಲಿ ಮುದುಕನಾದ ಮಾಜಿ ಸೈನಿಕನ ಪೆಟ್ಟಿಗೆಯಲ್ಲಿ ಒಂದು ನೋಂದಣಿ ಪುಸ್ತಕವಿರುತ್ತದೆ. ಪರದೇಶಿಯರ ಕಾಯಿದೆಯಡಿ ಕೊಡುವ ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಭಾರತದ ಸಮವಸ್ತ್ರ ತೊಟ್ಟು, ಭಾರತದ ಯುದ್ಧದಲ್ಲಿ ಕಾದಾಡಿ ಬಂದವನು ಕಾಗದದಲ್ಲಿ ಪರದೇಶಿ!

ಮಕ್ಕಳ ಸ್ಥಿತಿ ಕೊಂಚ ಬೇರೆ. ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿದವು. ಆದರೂ ಎಲ್ಲರೂ ಆ ಹಕ್ಕನ್ನು ಕೇಳಲು ಹೋಗಿಲ್ಲ. ಪೌರತ್ವ ಪಡೆದರೆ ಮರಳಿ ಹೋಗುವ ಆಸೆಗೆ ತಾವೇ ತಿಲಾಂಜಲಿ ಕೊಟ್ಟಂತೆ ಎಂಬ ಅಳುಕು ಹಲವರದು. ಒಂದೇ ಮನೆಯಲ್ಲಿ ಅಜ್ಜ ನಿರಾಶ್ರಿತ, ಅಪ್ಪ ಕಾನೂನಿನ ಪ್ರಕಾರ ಭಾರತೀಯ, ಮೊಮ್ಮಗ ಕೆನಡಾಕ್ಕೋ ಅಮೆರಿಕಕ್ಕೋ ಹೊರಟವನು. ಮೂರು ತಲೆಮಾರು, ಮೂರು ದೇಶ.

ಈ ಮೌನ ಒಮ್ಮೆ ಮುರಿಯಿತು. 2020ರ ಆಗಸ್ಟ್ ಕೊನೆಯಲ್ಲಿ ಲಡಾಖಿನ ಪಾಂಗಾಂಗ್ ಸರೋವರದ ದಕ್ಷಿಣ ದಂಡೆಯ ಎತ್ತರಗಳನ್ನು ಭಾರತ ಹಿಡಿದಾಗ ಈ ಪಡೆಯ ಕಂಪನಿ ಲೀಡರ್ ನ್ಯಿಮಾ ತೆಂಜಿನ್ ನೆಲಬಾಂಬು ಸಿಡಿದು ಮಡಿದರು. ಸೆಪ್ಟೆಂಬರ್ 7ರಂದು ಲೇಹದಲ್ಲಿ ಅವರ ಅಂತ್ಯಕ್ರಿಯೆ ಬಹಿರಂಗವಾಗಿ ನಡೆಯಿತು. ಪೆಟ್ಟಿಗೆಯ ಮೇಲೆ ತ್ರಿವರ್ಣ ಧ್ವಜವೂ ಟಿಬೆಟಿನ ಧ್ವಜವೂ ಇದ್ದವು. ಸುಮಾರು ಅರುವತ್ತು ವರ್ಷ ಪಿಸುಮಾತಿನಲ್ಲಿದ್ದ ಪಡೆಯ ಹೆಸರನ್ನು ಅಂದು ದೇಶ ದೂರದರ್ಶನದ ಪರದೆಯ ಮೇಲೆ ಕಂಡಿತು.

ಇಂದಿನ ಮುಂಡಗೋಡ

ಹುಬ್ಬಳ್ಳಿಯಿಂದ ತಡಸ ಮಾರ್ಗವಾಗಿ ಸುಮಾರು 50 ಕಿಲೋಮೀಟರ್ ಬಂದರೆ ಮುಂಡಗೋಡ. ಹುಬ್ಬಳ್ಳಿಯಲ್ಲಿ ರೈಲು, ವಿಮಾನ ಎರಡೂ ಇವೆ. ಭಾರತೀಯರು ಧಾರಾಳವಾಗಿ ವಸತಿಯನ್ನು ನೋಡಿ ಬರಬಹುದು. ವಿದೇಶಿಯರು ತಂಗಬೇಕಾದರೆ ಮುಂಚಿತವಾಗಿ ಪರವಾನಗಿ ಪಡೆಯಬೇಕು. ಡ್ರೆಪುಂಗ್ ವಿಹಾರದ ಅಂಗಳದಲ್ಲಿ ಭಿಕ್ಷುಗಳು ಜೋರಾಗಿ ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತ ತರ್ಕ ನಡೆಸುವುದನ್ನು ಮಕ್ಕಳು ತಪ್ಪದೆ ನೋಡಬೇಕು. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಸಹಕಾರದಿಂದ 2014ರಿಂದ ಅದೇ ಭಿಕ್ಷುಗಳ ಪಾಠಪಟ್ಟಿಯಲ್ಲಿ ಭೌತವಿಜ್ಞಾನ, ಜೀವವಿಜ್ಞಾನಗಳೂ ಸೇರಿವೆ. ಚಳಿಗಾಲದಲ್ಲಿ ಅತ್ತಿವೇರಿ ಪಕ್ಷಿಧಾಮವನ್ನೂ ಸೇರಿಸಿಕೊಂಡರೆ ಒಂದು ದಿನದ ಒಳ್ಳೆಯ ಪ್ರವಾಸ. ವಲಸೆ ಬಂದ ಹಕ್ಕಿಗಳೂ ಈ ತಾಲೂಕನ್ನು ಮೆಚ್ಚಿವೆ.

ವಸತಿಯಲ್ಲಿ ಆಸ್ಪತ್ರೆ ಇದೆ, ಶಾಲೆ ಇದೆ, ವೃದ್ಧಾಶ್ರಮ ಇದೆ. ಹೊಲದ ಕೆಲಸಕ್ಕೆ, ಅಂಗಡಿಗೆ, ಕಟ್ಟಡದ ಕೆಲಸಕ್ಕೆ ಸುತ್ತಲಿನ ಹಳ್ಳಿಯವರು ಬರುತ್ತಾರೆ. ಮುಂಡಗೋಡದ ಪೇಟೆ ಬೆಳೆದದ್ದರಲ್ಲಿ ಕ್ಯಾಂಪುಗಳ ವ್ಯಾಪಾರದ ಪಾಲು ದೊಡ್ಡದು. ಬೇಸಾಯದ ಆದಾಯ ಸಾಲದೆ ಬಹಳಷ್ಟು ಕುಟುಂಬಗಳು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರುತ್ತವೆ. ನಮ್ಮ ಮನೆಗಳಲ್ಲಿ ಆ ಸ್ವೆಟರು ತೊಡದ ಮಕ್ಕಳು ಎಷ್ಟು ಜನ? ಮಾರುವ ಹೆಂಗಸಿನ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವಾಗ, ಅವಳ ಅಪ್ಪ ಚಿತ್ತಗಾಂಗಿನ ಕಾಡಿನಲ್ಲಿ ನಮಗಾಗಿ ಗುಂಡು ತಿಂದಿರಬಹುದೆಂದು ಯಾರು ಎಣಿಸಿರುತ್ತಾರೆ?

ಮೊದಲ ತಲೆಮಾರು ಈಗ ಬಹುಪಾಲು ಇಲ್ಲ. ಕಿರಿಯರು ಓದಿ ಬೆಂಗಳೂರಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ಬೊಡ್ಡೆ ಕಿತ್ತು ಹದಮಾಡಿದ ಹೊಲವನ್ನು ಉಳುವ ಕೈಗಳು ಕಡಿಮೆಯಾಗುತ್ತಿವೆ. ಇನ್ನು ಕೆಲವೇ ವರ್ಷಗಳಲ್ಲಿ ನಾಲ್ಕು ನದಿ, ಆರು ಬೆಟ್ಟಸಾಲುಗಳ ನೆನಪು ಹೇಳುವವರೂ ಇರಲಾರರು. ಅವರನ್ನು ಕೇಳುವ ಕಾಲ ಈಗಿನದು.

ಮುಂದಿನ ಸಲ ಶಾಲೆಯ ಪ್ರವಾಸ ಮುಂಡಗೋಡಕ್ಕೆ ಹೋದಾಗ ಮೋಮೋ ತಿಂದು ಮುಗಿಸಿ ಬಸ್ಸು ಹತ್ತುವ ಮುನ್ನ ಮಕ್ಕಳು ಐದು ನಿಮಿಷ ನಿಲ್ಲಲಿ. ಕಟ್ಟೆಯ ಮೇಲೆ ಪ್ರಾರ್ಥನಾ ಚಕ್ರ ತಿರುಗಿಸುತ್ತ ಕೂತ ಅಜ್ಜನಿಗೆ ಕೈಮುಗಿದು, ‘ಅಜ್ಜಾರ, ನಿಮ್ಮೂರು ಯಾವುದರಿ?’ ಎಂದು ಕೇಳಲಿ. ಮೂರನೇ ಕ್ಯಾಂಪು ಎನ್ನಬಹುದು, ಲಿಥಾಂಗ್ ಎನ್ನಬಹುದು. ಎರಡೂ ನಿಜ. ಎರಡಕ್ಕೂ ಅವರು ಬೆವರು ಸುರಿಸಿದ್ದಾರೆ.